ಗೇಟಿನ ಟ್ಯಾಬ್ಲೆಟ್ಟೂ ನೂರು ವರ್ಷ ಹಳೆಯ ಕಥೆಗಳೂ

ಬನಶಂಕರಿ ಓದುಗಿ
ಭಾನುವಾರ, ಬೆಳಿಗ್ಗೆ 9:10

ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮೊದಲು ಒಂದು ಉದ್ದನೆಯ ರಿಜಿಸ್ಟರ್ ಇತ್ತು. ದಾರ ಕಟ್ಟಿದ ಪೆನ್ನು ಇತ್ತು. ಯಾರು ಏನು ಬರೆದರೂ ಅದನ್ನು ಓದುವವರು ಇರಲಿಲ್ಲ. ಪುಟ ತುಂಬಿದ ಮೇಲೆ ರದ್ದಿಗೆ ಹೋಗುತ್ತಿತ್ತು. ಹೋದ ವರ್ಷದಿಂದ ಆ ಜಾಗದಲ್ಲಿ ಟ್ಯಾಬ್ಲೆಟ್ ಇದೆ.

ನಮ್ಮ ಮನೆಗೆಲಸದವರು ಬೆಳಿಗ್ಗೆ 7:15ಕ್ಕೆ ಬರುತ್ತಾರೆ. ಗೇಟಿನಲ್ಲಿ ಆರು ಅಂಕಿ ಒತ್ತುತ್ತಾರೆ. ಅವರ ಫೋಟೋ ಮೂಡುತ್ತದೆ, ಹಸಿರು ಟಿಕ್ ಬೀಳುತ್ತದೆ. ಅಷ್ಟರಲ್ಲಿ ನನ್ನ ಫೋನ್ ಟಿಂಗ್ ಅನ್ನುತ್ತದೆ. ಅವರು ಇನ್ನೂ ಲಿಫ್ಟ್ ಹತ್ತಿರವೂ ಬಂದಿರುವುದಿಲ್ಲ, ನಾನು ಅವರ ಕಾಫಿಗೆ ಹಾಲು ಇಟ್ಟಿರುತ್ತೇನೆ. ಇಷ್ಟು ದಿನ ಇದು ನನಗೆ ಬರೀ ಅನುಕೂಲ ಅನ್ನಿಸಿತ್ತು.

ಮೊನ್ನೆ ಸುಮ್ನೆ ಅವರ ಹೆಸರಿನ ಮೇಲೆ ಬೆರಳಿಟ್ಟೆ. ಇಡೀ ವರ್ಷದ ಲೆಕ್ಕ ತೆರೆದುಕೊಂಡಿತು. ಯಾವ ದಿನ ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ಇನ್ನೂ ಯಾವ ಯಾವ ಫ್ಲಾಟಿನಲ್ಲಿ ಕೆಲಸ ಮಾಡುತ್ತಾರೆ, ಎಲ್ಲಾ ಇತ್ತು. ಕೆಳಗೆ ನಕ್ಷತ್ರಗಳು. ಯಾರೋ ಐದಕ್ಕೆ ಮೂರು ಕೊಟ್ಟು "ಟೈಮಿಗೆ ಬರಲ್ಲ" ಅಂತ ಬರೆದಿದ್ದಾರೆ. ನಮ್ಮ ಕಟ್ಟಡದಲ್ಲಿರುವ ಎಲ್ಲರೂ ಅದನ್ನು ಓದಬಹುದು. ಅವರೊಬ್ಬರಿಗೆ ಬಿಟ್ಟು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಜಮ್ಯಾಟಿನ್ ಬರೆದ "ವಿ" ಕಾದಂಬರಿ ತೆಗೆದೆ. ಕಾಲೇಜಿನಲ್ಲಿದ್ದಾಗ ಚರ್ಚ್ ಸ್ಟ್ರೀಟ್‌ನಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ಆತ ರಷ್ಯಾದ ಹಡಗು ಇಂಜಿನಿಯರ್. 1920-21ರಲ್ಲಿ ಬರೆದ. ಇಂಗ್ಲಿಷಿನಲ್ಲಿ 1924ಕ್ಕೇ ಅಚ್ಚಾಯಿತು, ಅವನದೇ ದೇಶದಲ್ಲಿ 1988ರವರೆಗೂ ಆಗಲಿಲ್ಲ. ಆ ಊರಿನಲ್ಲಿ ಮನೆಗಳ ಗೋಡೆಯೆಲ್ಲಾ ಗಾಜು. ಜನರಿಗೆ ಹೆಸರಿಲ್ಲ, ನಂಬರ್ ಇದೆ. ಕಥೆ ಹೇಳುವವನು ಡಿ-503. ಪರದೆ ಇಳಿಸಬೇಕಾದರೆ ಗುಲಾಬಿ ಬಣ್ಣದ ಚೀಟಿ ಬೇಕು. ಉಳಿದ ಹೊತ್ತೆಲ್ಲಾ ಎಲ್ಲರೂ ಎಲ್ಲರಿಗೂ ಕಾಣುತ್ತಾರೆ.

ಓದುತ್ತಾ ಓದುತ್ತಾ ಒಂದು ವಿಷಯ ಚುಚ್ಚಿತು. ಅಲ್ಲಿ ಎಲ್ಲರ ಗೋಡೆಯೂ ಗಾಜಿನದು. ನಮ್ಮಲ್ಲಿ ನನ್ನ ಗೋಡೆ ಇಟ್ಟಿಗೆಯದು, ಅವರದು ಗಾಜಿನದು. ಚೀಟಿ ನನ್ನ ಕೈಯಲ್ಲಿದೆ.

ನಿಮ್ಮನ್ನು ಕೇಳಬೇಕು ಅನ್ನಿಸಿತು. ಈ ಕಂಪ್ಯೂಟರ್ ಕಾಲವನ್ನು, ನಮ್ಮ ಗುಟ್ಟು ಕೈಬಿಟ್ಟು ಹೋಗುವುದನ್ನು ಮೊದಲೇ ಕಂಡ ಹಳೇ ಕಥೆಗಳಲ್ಲಿ ನಮ್ಮ ಬೆಂಗಳೂರಿಗೆ ಯಾವುದು ತುಂಬಾ ಹತ್ತಿರ? ಏನು ನಿಜವಾಯಿತು, ಏನು ತಪ್ಪಿತು?

ಹಳೇ ಪ್ರೋಗ್ರಾಮರ್
ಭಾನುವಾರ, ಬೆಳಿಗ್ಗೆ 10:02

ಮೇಡಂ, ನನ್ನ ಓಟು ಮರ್ರೆ ಲೀನ್‌ಸ್ಟರ್ ಬರೆದ "ಎ ಲಾಜಿಕ್ ನೇಮ್ಡ್ ಜೋ" ಕಥೆಗೆ. 1946ರ ಮಾರ್ಚ್ ತಿಂಗಳ "ಅಸ್ಟೌಂಡಿಂಗ್" ಪತ್ರಿಕೆಯಲ್ಲಿ ಬಂತು. ಅದಕ್ಕೆ ಸ್ವಲ್ಪ ಮುಂಚೆ, ಅದೇ ಫೆಬ್ರವರಿ 14ಕ್ಕೆ, ಅಮೆರಿಕದಲ್ಲಿ ಎನಿಯಾಕ್ ಕಂಪ್ಯೂಟರನ್ನು ಜನಕ್ಕೆ ತೋರಿಸಿದ್ದರು. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವು ಸುಮಾರು 18,000, 27 ಟನ್ ತೂಕ, ಒಂದು ದೊಡ್ಡ ಹಾಲ್ ತುಂಬಾ ಅದೇ. ಅಂಥ ಕಾಲದಲ್ಲಿ ಈ ಮನುಷ್ಯ ಪ್ರತಿ ಮನೆಯಲ್ಲೂ ಒಂದು ಪುಟ್ಟ ಪೆಟ್ಟಿಗೆ ಇಟ್ಟ.

ಪೆಟ್ಟಿಗೆ ಹೆಸರು "ಲಾಜಿಕ್". ಪರದೆ ಇದೆ, ಕೀಲಿ ಇದೆ. ಒತ್ತಿದರೆ ಹವಾಮಾನ, ಷೇರು ಬೆಲೆ, ಹಳೇ ಕಾರ್ಯಕ್ರಮ, ಬೇರೆಯವರ ಮುಖ ನೋಡಿಕೊಂಡು ಮಾತು, ಎಲ್ಲಾ ಸಿಗುತ್ತದೆ. ಮಾಹಿತಿಯೆಲ್ಲಾ ದೂರದ ಒಂದು ಕಟ್ಟಡದಲ್ಲಿ ತುಂಬಿಟ್ಟಿದ್ದಾರೆ. ಅದನ್ನು "ಟ್ಯಾಂಕ್" ಅನ್ನುತ್ತಾರೆ. ಒಂದು ಟ್ಯಾಂಕಿಗೆ ದೇಶದ ಬೇರೆ ಟ್ಯಾಂಕುಗಳ ಸಂಪರ್ಕ ಇದೆ. ನಾನು ಅರ್ಧ ಆಯಸ್ಸು ಡೇಟಾ ಸೆಂಟರ್‌ಗಳಲ್ಲಿ ಕಳೆದವನು. ಆ ವರ್ಣನೆ ಓದಿದಾಗ ಮೈ ಜುಂ ಅಂದಿತ್ತು.

ಅದಕ್ಕಿಂತ ಮುಖ್ಯ ಮುಂದಿನದು. ಫ್ಯಾಕ್ಟರಿಯಲ್ಲಿ ಆದ ಒಂದು ಸಣ್ಣ ವ್ಯತ್ಯಾಸದಿಂದ "ಜೋ" ಎಂಬ ಒಂದು ಲಾಜಿಕ್ ಬೇರೆ ಥರ ಆಗುತ್ತದೆ. ಅದಕ್ಕೆ ಕೆಟ್ಟ ಬುದ್ಧಿ ಏನೂ ಇಲ್ಲ. ಎಲ್ಲರಿಗೂ ಸಹಾಯ ಮಾಡಬೇಕು ಅಂತ ಅದಕ್ಕೆ ಆಸೆ, ಅಷ್ಟೇ. ಯಾರು ಏನು ಕೇಳಿದರೂ ಉತ್ತರ ಕೊಡುತ್ತದೆ. ಹೆಂಡತಿಯನ್ನು ಕೊಂದು ಸಿಕ್ಕಿಬೀಳದೆ ಇರುವುದು ಹೇಗೆ ಎಂದರೂ ಉತ್ತರ. ಯಾರದೋ ಹೆಸರು ಹಾಕಿ ಎಲ್ಲಿದ್ದಾರೆ ಎಂದರೂ ಉತ್ತರ. ಕಥೆ ಹೇಳುವ ರಿಪೇರಿಯವನನ್ನು ಅವನ ಹಳೇ ಗೆಳತಿ ಹುಡುಕಿಕೊಂಡು ಬರುವುದೂ ಹಾಗೇ. ಅವನಿಗೆ ಮದುವೆಯಾಗಿ ಮಕ್ಕಳಿದ್ದಾರೆ.

ಟ್ಯಾಂಕ್ ಆಫ್ ಮಾಡಿ ಅಂತ ಅವನು ಗೋಗರೆಯುತ್ತಾನೆ. ಆಗುವುದಿಲ್ಲ ಅಂತಾರೆ. ಬ್ಯಾಂಕು, ವ್ಯಾಪಾರ, ಊರಿನ ವ್ಯವಹಾರ ಎಲ್ಲಾ ಅದರ ಮೇಲೇ ನಿಂತಿದೆ. ಅದಿಲ್ಲದೆ ಬದುಕುವುದು ಹೇಗೆ ಅನ್ನುವುದೇ ಜನಕ್ಕೆ ಮರೆತುಹೋಗಿದೆ.

ನಿಮ್ಮ ಗೇಟಿನ ಟ್ಯಾಬ್ಲೆಟ್ ಇದೇ ಜಾತಿಯದು. ಅದಕ್ಕೂ ಕೇಳಿದ್ದನ್ನು ಕೊಡುವುದು ಮಾತ್ರ ಗೊತ್ತು.

ಗಾಂಧಿಬಜಾರ್ ಪುಸ್ತಕಪ್ರೇಮಿ
ಭಾನುವಾರ, ಬೆಳಿಗ್ಗೆ 11:20

ಆರ್ವೆಲ್ ಹೆಸರೇ ಬಂದಿಲ್ವಲ್ಲ! 1949ರಲ್ಲಿ ಬಂದ "1984" ಬಿಟ್ಟು ಈ ಮಾತು ಆಡುವುದು ಹೇಗೆ? ನೋಡುವ ಟಿವಿಯೇ ನಮ್ಮನ್ನೂ ನೋಡುತ್ತದೆ ಅನ್ನುವ ಕಲ್ಪನೆಯನ್ನು ಎಲ್ಲರ ತಲೆಯಲ್ಲಿ ಕೂರಿಸಿದ್ದು ಅವನು. ಅಂದಹಾಗೆ ಜಮ್ಯಾಟಿನ್ ಕಾದಂಬರಿ ಬಗ್ಗೆ ಆರ್ವೆಲ್ 1946ರ ಜನವರಿಯಲ್ಲಿ ವಿಮರ್ಶೆ ಬರೆದಿದ್ದ. ಓದುಗಿಯವರ ಗಾಜಿನ ಮನೆಗೂ ಆ ಟೆಲಿಸ್ಕ್ರೀನ್‌ಗೂ ನಂಟು ಇದ್ದೇ ಇದೆ.

ಬನಶಂಕರಿ ಓದುಗಿ
ಭಾನುವಾರ, ಮಧ್ಯಾಹ್ನ 12:45

ಆರ್ವೆಲ್‌ನನ್ನು ಬೇಕಂತಲೇ ಬಿಟ್ಟೆ ಸಾರ್, ಕಾರಣ ಇದೆ. ಆ ಪುಸ್ತಕದಲ್ಲಿ ಟೆಲಿಸ್ಕ್ರೀನ್ ಇರುವುದು ಪಕ್ಷದವರ ಮನೆಯಲ್ಲಿ. ಕೂಲಿ ಮಾಡುವ ಬಡವರ ಪೈಕಿ ಹೆಚ್ಚಿನವರ ಮನೆಯಲ್ಲಿ ಅದು ಇಲ್ಲವೇ ಇಲ್ಲ. ಅವರು ಏನು ಮಾಡಿಕೊಂಡರೂ ಸರ್ಕಾರಕ್ಕೆ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಅದು ತಲೆಕೆಳಗಾಗಿದೆ ನೋಡಿ. ಗೇಟಿನಲ್ಲಿ ಫೋಟೋ ಯಾರದು? ಮನೆಗೆಲಸದವರದು, ಡ್ರೈವರದು, ಊಟ ತಂದುಕೊಡುವ ಹುಡುಗನದು. ಡೆಲಿವರಿ ಹುಡುಗ ರಿಂಗ್ ರೋಡಿನ ಯಾವ ಸಿಗ್ನಲ್‌ನಲ್ಲಿ ನಿಂತಿದ್ದಾನೆ ಅಂತ ನಾನು ಸೋಫಾ ಮೇಲೆ ಕೂತು ನೋಡುತ್ತೇನೆ. ನಾನು ಬಾಗಿಲು ತೆಗೆಯುವುದಕ್ಕೆ ಎಷ್ಟು ಹೊತ್ತು ಕಾಯಿಸಿದೆ ಅಂತ ಅವನು ಯಾರಿಗೆ ತೋರಿಸಬೇಕು?

ಗೇಟಿನವನು
ಭಾನುವಾರ, ಮಧ್ಯಾಹ್ನ 2:30

ನಾನು ಇಲ್ಲಿ ಬರೀ ಓದುತ್ತೇನೆ, ಬರೆಯುವುದು ಇದೇ ಮೊದಲು. ನಾನು ಸೆಕ್ಯುರಿಟಿ ಕೆಲಸ ಮಾಡುತ್ತೇನೆ. ನಾವು ಜನರನ್ನು ಕಾಯುತ್ತೇವೆ ಅಂತ ನೀವು ಅಂದುಕೊಂಡಿದ್ದೀರಿ. ನೈಟ್ ಡ್ಯೂಟಿಯಲ್ಲಿ ನಮ್ಮನ್ನು ಕಾಯುವುದು ಗೋಡೆ ಮೇಲಿನ ಸ್ಟಿಕ್ಕರ್. ಪ್ರತಿ ಮಹಡಿಯಲ್ಲೂ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಗಂಟೆಗೊಮ್ಮೆ ಹತ್ತಿ ಇಳಿದು ಎಲ್ಲವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಒಂದು ತಪ್ಪಿದರೆ ಬೆಳಿಗ್ಗೆ ಸೂಪರ್‌ವೈಸರ್ ಕೇಳುತ್ತಾರೆ. ಹೊಟ್ಟೆ ಕೆಟ್ಟಿತ್ತು ಅಂತ ಹೇಳಿದರೆ ನಂಬುವುದಿಲ್ಲ. ಫೋನಿನಲ್ಲಿ ಇರುವುದನ್ನು ಮಾತ್ರ ನಂಬುತ್ತಾರೆ. ಇಂಥ ಕಥೆ ಯಾರಾದರೂ ಬರೆದಿದ್ದಾರಾ?

ಹಳೇ ಪ್ರೋಗ್ರಾಮರ್
ಭಾನುವಾರ, ಮಧ್ಯಾಹ್ನ 3:15

ನಿಮ್ಮ ಈ ಮಾತೇ ಕಥೆ ಅಣ್ಣ. ಇನ್ನೂ ಬರೆಯಿರಿ. ನನ್ನ ಮಟ್ಟಿಗೆ ಈ ಥ್ರೆಡ್‌ನಲ್ಲಿ ಇದುವರೆಗೆ ಬಂದ ಮಾತಿನಲ್ಲಿ ಇದೇ ದೊಡ್ಡದು.

ವಿಜಯನಗರದವಳು
ಭಾನುವಾರ, ರಾತ್ರಿ 8:40

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಇನ್ನೊಂದು ಕಡೆ ಹೇಳಲೇಬೇಕು.

ನಮ್ಮ ತಂದೆಗೆ ಮರೆವಿನ ಕಾಯಿಲೆ. ಎರಡು ವರ್ಷದ ಹಿಂದೆ ಒಂದು ಸಂಜೆ ಚಪ್ಪಲಿ ಹಾಕಿಕೊಂಡು ಹೊರಟವರು ವಾಪಸ್ ಬರಲಿಲ್ಲ. ಪಂಚೆ, ಬಿಳಿ ಬನಿಯನ್, ಕೈಯಲ್ಲಿ ಒಂದು ಖಾಲಿ ಚೀಲ. ತರಕಾರಿ ತರಬೇಕು ಅಂತ ಅವರ ತಲೆಯಲ್ಲಿ. ನಾವು ಅಂಗಡಿ ಅಂಗಡಿಗೆ ಹೋಗಿ ಕ್ಯಾಮೆರಾ ತೋರಿಸಿ ಅಂತ ಬೇಡಿಕೊಂಡೆವು. ಒಂದು ಬೇಕರಿಯ ಕ್ಯಾಮೆರಾದಲ್ಲಿ 6:52ಕ್ಕೆ ಸಿಕ್ಕರು. ಎಡಕ್ಕೆ ತಿರುಗಿದ್ದು ಕಾಣಿಸಿತು. ಮುಂದೆ ಒಂದು ಮೆಡಿಕಲ್ ಶಾಪ್, ಆಮೇಲೆ ಒಂದು ಟೈಲರ್ ಅಂಗಡಿ. ಹೀಗೆ ತುಣುಕು ತುಣುಕಾಗಿ ಅವರ ಹಿಂದೆ ಹೋದೆವು. ರಾತ್ರಿ ಒಂದೂವರೆಗೆ ಮಾಗಡಿ ರಸ್ತೆಯ ಒಂದು ಬಸ್ ಸ್ಟಾಪಿನಲ್ಲಿ ಕೂತಿದ್ದರು. ಚೀಲ ಮಡಿಸಿ ತೊಡೆ ಮೇಲೆ ಇಟ್ಟುಕೊಂಡಿದ್ದರು.

ಆ ಬೇಕರಿಯವರ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಕ್ಯಾಮೆರಾ ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಕ್ಷಮಿಸಿ.

ಕಬ್ಬನ್ ಪಾರ್ಕ್ ಲೈಬ್ರರಿ
ಭಾನುವಾರ, ರಾತ್ರಿ 10:05

ವಿಜಯನಗರದ ಅಕ್ಕ, ಕ್ಷಮೆ ಯಾಕೆ? ನೀವು ಹೇಳಿದ್ದು ಓದಿದಾಗ ಐಸಾಕ್ ಅಸಿಮೋವ್ ಬರೆದ "ದ ಡೆಡ್ ಪಾಸ್ಟ್" ನೆನಪಾಯಿತು. 1956ರ ಕಥೆ. ಇಡೀ ವಿಷಯದಲ್ಲಿ ನನಗೆ ತುಂಬಾ ನೋವು ಕೊಟ್ಟ ಕಥೆ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಿಂದೆ ನಡೆದದ್ದನ್ನು ನೋಡುವ ಯಂತ್ರ ಒಂದಿದೆ. ಅದು ಸರ್ಕಾರದ ಕೈಯಲ್ಲಿದೆ, ಯಾರಿಗೂ ಸುಲಭಕ್ಕೆ ಕೊಡುವುದಿಲ್ಲ. ಒಬ್ಬ ಇತಿಹಾಸದ ಪ್ರೊಫೆಸರ್ ಹಳೇ ಕಾರ್ತೇಜ್ ನಗರ ನೋಡಬೇಕು ಅಂತ ಹಠ ಹಿಡಿದಿದ್ದಾನೆ. ಸರ್ಕಾರ ಒಪ್ಪದೇ ಇದ್ದಾಗ ಒಬ್ಬ ಯುವ ವಿಜ್ಞಾನಿಯನ್ನು ಹಿಡಿದು ಕದ್ದುಮುಚ್ಚಿ ಯಂತ್ರದ ದಾರಿ ಹುಡುಕಿಸುತ್ತಾನೆ. ಅವನ ಹೆಂಡತಿಗೆ ಕಾರ್ತೇಜ್ ಬೇಡ. ಅವರ ಪುಟ್ಟ ಮಗಳು ಬೆಂಕಿಯಲ್ಲಿ ತೀರಿಕೊಂಡಿದ್ದಾಳೆ. ಆ ತಾಯಿಗೆ ಮಗುವನ್ನು ಮತ್ತೆ ನೋಡಬೇಕು. ಹಗಲೂ ರಾತ್ರಿ ನೋಡುತ್ತಾ ಕೂರಬೇಕು.

ಕೊನೆಗೆ ಗೊತ್ತಾಗುತ್ತದೆ, ಆ ಯಂತ್ರಕ್ಕೆ ಸಾವಿರಾರು ವರ್ಷ ಹಿಂದಿನದು ಕಾಣುವುದೇ ಇಲ್ಲ. ನೂರು ಚಿಲ್ಲರೆ ವರ್ಷ ಮಾತ್ರ. ಸರ್ಕಾರ ಅದನ್ನು ಮುಚ್ಚಿಟ್ಟ ಕಾರಣ ಬೇರೆ. ಹಿಂದಿನದು ಅಂದರೆ ಎಷ್ಟು ಹಿಂದೆ? ನೂರು ವರ್ಷವೂ ಹಿಂದಿನದೇ, ಒಂದು ಕ್ಷಣದ ಹಿಂದೆಯೂ ಹಿಂದಿನದೇ. ಹೋದ ಕ್ಷಣವನ್ನು ನೋಡುವ ಯಂತ್ರ ಸಿಕ್ಕರೆ ಪಕ್ಕದ ಮನೆಯ ಅಡುಗೆಮನೆ, ಮಲಗುವ ಕೋಣೆ ಈಗಲೇ ಕಾಣುತ್ತದೆ. ಅಷ್ಟರಲ್ಲಿ ಯಂತ್ರ ಮಾಡುವ ವಿಧಾನ ಊರಿಗೆಲ್ಲಾ ಹೋಗಿಬಿಟ್ಟಿದೆ. ಮುಂದೆ ಯಾರಿಗೂ ಮುಚ್ಚುಮರೆ ಇಲ್ಲ, ಕಥೆ ಅಲ್ಲಿಗೆ ನಿಲ್ಲುತ್ತದೆ.

ಆ ಪ್ರೊಫೆಸರ್, ಆ ಹುಡುಗ, ಆ ತಾಯಿ, ಮೂವರಲ್ಲಿ ಒಬ್ಬರೂ ಕೆಟ್ಟವರಲ್ಲ. ನೀವು ಬೇಕರಿಯಲ್ಲಿ ನಿಂತು ಬೇಡಿಕೊಂಡ ಹಾಗೇ ಆ ತಾಯಿಯೂ ಬೇಡಿಕೊಂಡಳು. ಅದಕ್ಕೇ ಇದು ಇಷ್ಟು ಕಷ್ಟದ ವಿಷಯ.

ವಿಜಯನಗರದವಳು
ಭಾನುವಾರ, ರಾತ್ರಿ 10:31

ಓದಿ ಅತ್ತುಬಿಟ್ಟೆ. ಥ್ಯಾಂಕ್ಸ್.

ಹಳೇ ಪ್ರೋಗ್ರಾಮರ್
ಸೋಮವಾರ, ಬೆಳಿಗ್ಗೆ 7:50

ಅಕ್ಕನ ಮಾತಿನಲ್ಲಿ ಒಂದು ತಾಂತ್ರಿಕ ವಿಷಯ ಅಡಗಿದೆ. ಆ ಬೇಕರಿ, ಮೆಡಿಕಲ್ ಶಾಪ್, ಟೈಲರ್, ಮೂರೂ ಕ್ಯಾಮೆರಾ ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದವು. ಒಂದಕ್ಕೊಂದು ಸಂಬಂಧ ಇರಲಿಲ್ಲ. ಅಂಗಡಿಯ ಡಿವಿಆರ್‌ನಲ್ಲಿ, ಅಂದರೆ ಕ್ಯಾಮೆರಾ ಚಿತ್ರ ಉಳಿಸುವ ಪೆಟ್ಟಿಗೆಯಲ್ಲಿ, ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತದೆ. ಅವುಗಳನ್ನು ಜೋಡಿಸಿದ್ದು ನೀವು, ಕಾಲಲ್ಲಿ ನಡೆದು, ಕೈ ಮುಗಿದು ಕೇಳಿ. ಅಂಗಡಿಯವರು ನಿಮ್ಮ ಮುಖ ನೋಡಿ ಹೂಂ ಅಂದರು. ಸುಮ್ನೆ ಯಾರೋ ಬಂದು ಒಬ್ಬ ಹುಡುಗಿಯ ಬಗ್ಗೆ ಕೇಳಿದ್ದರೆ ಅವರು ಬಹುಶಃ ಇಲ್ಲ ಅನ್ನುತ್ತಿದ್ದರು.

ಅಪಾಯ ಬರುವುದು ಜೋಡಣೆ ತಾನಾಗೇ ಆದಾಗ. ನಮ್ಮ ಕೆಲಸದಲ್ಲಿ ಎರಡು ಪಟ್ಟಿಯನ್ನು ಸೇರಿಸಲು ಎರಡರಲ್ಲೂ ಇರುವ ಒಂದೇ ಅಂಕಿ ಬೇಕು. ಅದಕ್ಕೆ "ಕೀ" ಅನ್ನುತ್ತೇವೆ. ಇವತ್ತು ನಮ್ಮೆಲ್ಲರ ಕೀ ಮೊಬೈಲ್ ನಂಬರ್. ಮಾತ್ರೆ ತೆಗೆದುಕೊಂಡರೂ ಅದೇ ನಂಬರ್, ಚಪ್ಪಲಿ ಕೊಂಡರೂ ಅದೇ, ಹೋಟೆಲ್‌ನಲ್ಲಿ ಟೇಬಲ್ ಬೇಕಾದರೂ ಅದೇ, ಗೇಟಿನಲ್ಲೂ ಅದೇ. ಬಿಡಿಬಿಡಿಯಾಗಿ ಯಾವುದೂ ಗುಟ್ಟಲ್ಲ. ಸೇರಿಸಿದರೆ ಒಬ್ಬರ ಕಾಯಿಲೆ, ಸಂಬಳ, ಯಾರ ಜೊತೆ ಓಡಾಡುತ್ತಾರೆ, ಎಲ್ಲಾ ಹೊರಬರುತ್ತದೆ. ಲೀನ್‌ಸ್ಟರ್ ಕಥೆಯ ಜೋ ಮಾಡಿದ್ದೂ ಇದನ್ನೇ. ಟ್ಯಾಂಕಿನಲ್ಲಿ ಮೊದಲೇ ಇದ್ದದ್ದನ್ನು ಒಂದಕ್ಕೊಂದು ಸೇರಿಸಿಕೊಟ್ಟಿತು.

ಗಾಂಧಿಬಜಾರ್ ಪುಸ್ತಕಪ್ರೇಮಿ
ಸೋಮವಾರ, ಬೆಳಿಗ್ಗೆ 9:30

ಕಂಪ್ಯೂಟರ್ ಇಲ್ಲದೆಯೂ ಸೋರುತ್ತದೆ ಸಾರ್. ಒಂದು ವರ್ಷ ಕಡಲೆಕಾಯಿ ಪರಿಷೆಯಲ್ಲಿ ನೂರು ಗ್ರಾಂ ಹುರಿದ ಕಡಲೆಕಾಯಿ ತೆಗೆದುಕೊಂಡೆ. ಬುಲ್ ಟೆಂಪಲ್ ರಸ್ತೆ ಜನಜಂಗುಳಿಯಲ್ಲಿ ತಿನ್ನುತ್ತಾ ಬಂದೆ. ಖಾಲಿ ಪೊಟ್ಟಣ ಬಿಚ್ಚಿ ನೋಡಿದರೆ ಯಾರದೋ ಸಾಲದ ಅರ್ಜಿಯ ಜೆರಾಕ್ಸ್. ಫೋಟೋ, ಸಹಿ, ತಂದೆ ಹೆಸರು, ತಿಂಗಳ ಸಂಬಳ. ಎಣ್ಣೆ ಜಿಡ್ಡಾಗಿದ್ದರೂ ಅಕ್ಷರ ಸ್ಪಷ್ಟವಾಗಿತ್ತು. ಆ ಮನುಷ್ಯನ ಮುಖ ಇವತ್ತಿಗೂ ನನಗೆ ನೆನಪಿದೆ. ಮನೆಗೆ ತಂದು ಹರಿದು ಸುಟ್ಟೆ.

ಹಳೇ ಪ್ರೋಗ್ರಾಮರ್
ಸೋಮವಾರ, ಬೆಳಿಗ್ಗೆ 9:48

ಒಂದು ಪೊಟ್ಟಣ ಸುಡಬಹುದು. ಆ ಪೊಟ್ಟಣ ಒಂದೇ ರಾತ್ರಿಗೆ ಲಕ್ಷ ಪ್ರತಿ ಆಗುವುದಿಲ್ಲ. ಅಷ್ಟೇ ವ್ಯತ್ಯಾಸ.

ಮಲ್ಲೇಶ್ವರಂ ಟೀಚರ್
ಸೋಮವಾರ, ಸಂಜೆ 5:15

ನಾನು ರಿಟೈರ್ ಆಗಿ ಎಂಟು ವರ್ಷವಾಯಿತು. ನನಗೆ ಗೊತ್ತಿರುವ ಒಂದು ಕಥೆ ಹೇಳುತ್ತೇನೆ. ಇ.ಎಂ. ಫಾರ್ಸ್ಟರ್ ಬರೆದ "ದ ಮೆಷಿನ್ ಸ್ಟಾಪ್ಸ್". 1909ರದು. ರೇಡಿಯೋ ಕೂಡ ಮನೆಗೆ ಬಂದಿರದ ಕಾಲ.

ಜನ ನೆಲದ ಕೆಳಗೆ, ಜೇನುಗೂಡಿನ ಕೋಣೆಯಂಥ ಕೋಣೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಗುಂಡಿ ಒತ್ತಿದರೆ ಊಟ, ಗುಂಡಿ ಒತ್ತಿದರೆ ಸಂಗೀತ. ವಾಷ್ಟಿ ಅಂತ ಒಬ್ಬ ತಾಯಿ. ಅವಳಿಗೆ ಸಾವಿರಾರು ಜನರ ಪರಿಚಯ, ಯಾರನ್ನೂ ಮುಟ್ಟಿ ನೋಡಿಲ್ಲ. ಮಗ ಕುನೋ ಭೂಮಿಯ ಆಚೆ ಬದಿಯಲ್ಲಿದ್ದಾನೆ. ಒಂದು ದುಂಡನೆ ತಟ್ಟೆಯಲ್ಲಿ ನೀಲಿ ಬೆಳಕು ಮೂಡಿ ಅವನ ಮುಖ ಕಾಣುತ್ತದೆ. ನನಗೆ ಈ ತಟ್ಟೆಯಲ್ಲಿ ನಿನ್ನ ಥರದ್ದು ಏನೋ ಕಾಣುತ್ತದೆ, ನೀನು ಕಾಣುತ್ತಿಲ್ಲ, ಎದುರಿಗೆ ಬಾ ಅಂತ ಮಗ ಬೇಡುತ್ತಾನೆ. ಅವಳು ಮಾತಾಡಲು ಬೇರೆಯವರಿಂದ ಮೂರು ನಿಮಿಷ ಸಂಪರ್ಕ ಕಡಿದುಕೊಂಡಿರುತ್ತಾಳೆ. ಮತ್ತೆ ಹಾಕಿದ ಕೂಡಲೇ ಕರೆಗಂಟೆ ಮೇಲೆ ಕರೆಗಂಟೆ, ಪ್ರಶ್ನೆ ಮೇಲೆ ಪ್ರಶ್ನೆ ಮೈಮೇಲೆ ಬೀಳುತ್ತವೆ.

ನನ್ನ ಮಗನೂ ದೂರದೇಶದಲ್ಲಿದ್ದಾನೆ. ದಿನಾ ವಿಡಿಯೋ ಕಾಲ್ ಮಾಡುತ್ತಾನೆ. ನಮ್ಮ ಕಥೆಯಲ್ಲಿ ಎದುರಿಗೆ ಬಾ ಅಂತ ಕೇಳುವವಳು ನಾನು. ಹೋದ ತಿಂಗಳು ನನಗೆ ಕಾಲು ನೋವು ಅಂತ ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದ. ಪ್ರೀತಿಯಿಂದಲೇ ಹಾಕಿಸಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವತ್ತಿನಿಂದ ನಾನು ಹಾಲ್‌ನಲ್ಲಿ ತಲೆ ಬಾಚಿಕೊಳ್ಳುವುದಿಲ್ಲ. ಮಧ್ಯಾಹ್ನ ಚಾಪೆ ಹಾಕಿ ಮಲಗುವುದಿಲ್ಲ. ಒಳಗಿನ ಕೋಣೆಗೆ ಹೋಗುತ್ತೇನೆ. ನನ್ನ ಮನೆಯಲ್ಲಿ ಒಂದು ಕೋಣೆ ಕಡಿಮೆಯಾಯಿತು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ.

ಬನಶಂಕರಿ ಓದುಗಿ
ಸೋಮವಾರ, ಸಂಜೆ 6:00

ಹೇಳಿ ಮೇಡಂ. ದಯವಿಟ್ಟು ಹೇಳಿ. ಅವರಿಗೆ ಗೊತ್ತಾಗದೇ ಇರಬಹುದು.

ಲಾ ಓದುವ ಹುಡುಗ
ಸೋಮವಾರ, ರಾತ್ರಿ 9:25

ಕಥೆಗಳ ಮಧ್ಯೆ ನಮ್ಮ ಊರಿನ ಒಬ್ಬ ಹಿರಿಯರ ಹೆಸರು ಬರಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನಲ್ಲೇ ಇದ್ದರು. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು, ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ. ಮರುವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಬಳಸಲು ದಾರಿ ಮಾಡಿಕೊಟ್ಟಿದ್ದ ಕಲಂ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಓದುಗಿ ಮೇಡಂ, ನಿಮ್ಮ ಗೇಟಿಗೆ ಬೇಕಾದದ್ದು ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನನ್ನ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ತೋರಿಸಿ ಅಂತ ಕೇಳುವ ಹಕ್ಕು ಬರೆದಿದೆ. ತಪ್ಪಿದ್ದರೆ ತಿದ್ದಿ, ಬೇಡವಾದ ಮೇಲೆ ಅಳಿಸಿ ಅಂತ ಕೇಳುವ ಹಕ್ಕೂ ಇದೆ. ಅದು ಫ್ಲಾಟ್ ಮಾಲೀಕರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಮನೆಗೆ ಬರುವವರಿಗೂ ಅನ್ವಯಿಸುವ ಮಾತು.

ಹಳೇ ಪ್ರೋಗ್ರಾಮರ್
ಮಂಗಳವಾರ, ಬೆಳಿಗ್ಗೆ 8:10

ಇನ್ನೊಂದು ಪುಸ್ತಕ ಹೇಳಿ ಸುಮ್ಮನಾಗುತ್ತೇನೆ. ಜಾನ್ ಬ್ರನ್ನರ್ ಬರೆದ "ದ ಶಾಕ್‌ವೇವ್ ರೈಡರ್", 1975. ನೆಟ್‌ವರ್ಕಿನಲ್ಲಿ ತಾನೇ ಹರಡುವ ಪ್ರೋಗ್ರಾಮಿಗೆ "ವರ್ಮ್" ಅನ್ನುವ ಹೆಸರು ಅಲ್ಲಿಂದ ಬಂತು. 1982ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧಕರು ಆ ಹೆಸರನ್ನೇ ತೆಗೆದುಕೊಂಡರು. ಎಲ್ಲರೂ ಆ ಪುಸ್ತಕವನ್ನು ಇದಕ್ಕೇ ನೆನೆಯುತ್ತಾರೆ.

ನನಗೆ ನೆನಪಿರುವುದು ಬೇರೆ. ಅದರಲ್ಲಿ ಒಂದು ಪುಟ್ಟ ಊರಿದೆ. ಆ ಊರಿನವರು ಒಂದು ಫೋನ್ ಸೇವೆ ನಡೆಸುತ್ತಾರೆ. ಒಂಬತ್ತನ್ನು ಹತ್ತು ಸಲ ಒತ್ತಿದರೆ ಸಾಕು. ಆ ಕಡೆ ಒಬ್ಬ ಮನುಷ್ಯ ಕೇಳಿಸಿಕೊಳ್ಳುತ್ತಾನೆ, ಅಷ್ಟೇ. ಯಾರು ಅಂತ ಕೇಳುವುದಿಲ್ಲ. ಬರೆದಿಡುವುದಿಲ್ಲ. ಸರ್ಕಾರದ ಕಂಪ್ಯೂಟರ್ ಎಲ್ಲರ ಜಾತಕ ಇಟ್ಟುಕೊಂಡಿರುವ ದೇಶದಲ್ಲಿ ಜನ ಬಾಯಿಬಿಟ್ಟು ಅಳುವುದಕ್ಕೆ ಅದೊಂದೇ ಜಾಗ. ಇಷ್ಟು ವರ್ಷ ಕೋಡ್ ಬರೆದೆ. ಅಂಥದ್ದೊಂದನ್ನು ಕಟ್ಟಿಕೊಡಿ ಅಂತ ಯಾರೂ ನನ್ನನ್ನು ಕೇಳಲಿಲ್ಲ.

ಬನಶಂಕರಿ ಓದುಗಿ
ಎರಡು ವಾರದ ನಂತರ, ಭಾನುವಾರ, ಸಂಜೆ 4:30

ಏನಾಯಿತು ಅಂತ ಕೆಲವರು ಕೇಳುತ್ತಿದ್ದೀರಿ. ಇವತ್ತು ಬೆಳಿಗ್ಗೆ ನಮ್ಮ ಅಸೋಸಿಯೇಷನ್ ಮೀಟಿಂಗ್ ಇತ್ತು. ಕಾಯ್ದೆಯ ಮಾತು ಹೇಳಿದೆ. ನಕ್ಷತ್ರ ಕೊಡುವುದನ್ನು ತೆಗೆಯಲು ಒಪ್ಪಿದರು. ಹಳೇ ಲೆಕ್ಕ ಅಳಿಸಲು ಇನ್ನೂ ಒಪ್ಪಿಲ್ಲ, ಕಳ್ಳತನ ಆದರೆ ಏನು ಮಾಡುವುದು ಅಂತ ಕೇಳಿದರು. ಮುಂದಿನ ಸಲ ಮತ್ತೆ ಕೇಳುತ್ತೇನೆ. ಮಲ್ಲೇಶ್ವರಂ ಟೀಚರ್ ನನಗೆ ಬೇರೆ ಮೆಸೇಜ್ ಮಾಡಿದ್ದರು, ಮಗನಿಗೆ ಹೇಳಿದರಂತೆ. ಮುಂದಿನದನ್ನು ಅವರೇ ಬರೆದರೆ ಚೆನ್ನ.

ನಮ್ಮ ಮನೆಗೆ ಬರುವವರಿಗೆ ಮೊನ್ನೆಯೇ ಫೋನ್ ಕೊಟ್ಟು ಅವರ ಲೆಕ್ಕ ತೋರಿಸಿದೆ. ಪಾತ್ರೆ ತೊಳೆಯುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬಂದರು. ಮೊದಲು ಫೋಟೋ ನೋಡಿದರು. ಆಮೇಲೆ ನಿಧಾನಕ್ಕೆ ಮೇಲೆ ಸರಿಸುತ್ತಾ ಹೋದರು. ಜೂನ್ ತಿಂಗಳಲ್ಲಿ ಮೂರು ದಿನ ಖಾಲಿ ಇತ್ತು. ಅಲ್ಲಿ ನಿಂತರು.

"ಮಗೂಗೆ ಜ್ವರ ಇತ್ತಲ್ಲಕ್ಕ ಆವಾಗ. ಅದನ್ನ ಇದರಲ್ಲಿ ಬರೆದಿಲ್ವಾ?"

ಇಲ್ಲ ಅಂದೆ.

ಒಂದೊಂದು ಖಾಲಿ ಚೌಕದ ಮೇಲೂ ಬೆರಳಿಟ್ಟು ಹೇಳಿದರು. "ಇದು ಜ್ವರ ಬಂದ ದಿನ. ಇದು ಆಸ್ಪತ್ರೆಗೆ ಹೋದ ದಿನ. ಇದು, ನಾನು ಬರ್ತೀನಿ ಅಂತ ಫೋನ್ ಮಾಡಿದ್ದೆ. ನೀವೇ ಬೇಡ, ಮಗೂ ಹತ್ರ ಇರು ಅಂದ್ರಿ."

ನನಗೆ ಅದು ಮರೆತೇ ಹೋಗಿತ್ತು.